ಅರ್ತ್ ಬೋಲ್ಟಿಗೆ ಕಟ್ಟಿದ ತಾಯತ

ನಮ್ಮ ಹಳೆಯ ಕಾರು ನಡುರಸ್ತೆಯಲ್ಲಿ ಪ್ರಾಣ ಬಿಡುತ್ತಿದ್ದುದಕ್ಕೆ ಕಾರಣ, ಅದನ್ನು ಅಮ್ಮ ಓಡಿಸುತ್ತಿದ್ದುದು. ಇದು ದೊಡ್ಡಪ್ಪನ ವಾದ. ವಾದ ಎನ್ನುವುದೂ ನನ್ನ ಔದಾರ್ಯವೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥದ್ದನ್ನು ಮುಂದಿಟ್ಟವರನ್ನು ನಾವು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದೆವು. ದೊಡ್ಡಪ್ಪನನ್ನು ಎಲ್ಲಿಗೆ ಕಳಿಸುವುದು? ಮನೆಯೇ ಅವರದು. ಯಲಹಂಕದ ಪಕ್ಕ, ಕೋಗಿಲಿನ ತಮ್ಮ ಹೊಲದಲ್ಲಿ ರಾಗಿಯ ಬದಲು ಬಾಡಿಗೆ ಮನೆಗಳು ಬೆಳೆಯತೊಡಗಿದ ಮೇಲೆ ಅವರಿಗೆ ಗೊತ್ತಿಲ್ಲದ ವಿಷಯವೇ ಉಳಿದಿರಲಿಲ್ಲ.

ಅಮ್ಮ ವಿದ್ಯಾರಣ್ಯಪುರದಲ್ಲಿ ಟೀಚರ್. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಅದಕ್ಕೂ ಮೊದಲು ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಳು. ಕಾರು ಬಂದ ಮೇಲೆ ಬೆಳಿಗ್ಗೆ ಕೂತು ಕಾಫಿ ಕುಡಿಯುವ ಅಭ್ಯಾಸವಾಯಿತು. ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಹಳ್ಳಗಳಿಗೇನೂ ಕೊರತೆಯಿರಲಿಲ್ಲ. ಒಂದು ಹಳ್ಳ ಸಿಕ್ಕರೆ ಸಾಕು, ಎಂಜಿನ್, ಹಾರ್ನ್, ದೀಪ, ಎಲ್ಲವೂ ಒಟ್ಟಿಗೆ ಬಂದ್. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಮೆಕ್ಯಾನಿಕ್ ಎದುರು ಮಾತ್ರ ಅದು ಒಮ್ಮೆಯೂ ಕೆಡಲಿಲ್ಲ. ಆದರೂ ಆತ ಬ್ಯಾಟರಿ ಬದಲಾಯಿಸಿದ. ಕಾಯಿಲೆ ಗೊತ್ತಾಗದಿದ್ದರೆ ಬ್ಯಾಟರಿ ಬದಲಾಯಿಸುವುದು ಯಲಹಂಕದ ವೈದ್ಯಶಾಸ್ತ್ರ.

ಒಂದು ದಿನ ಕಾರು ಸರ್ಕಲ್ಲಿನ ನಟ್ಟನಡುವೆ ನಿಂತಿತು. ದೊಡ್ಡಪ್ಪ ತೀರ್ಪು ಕೊಟ್ಟರು: "ಎಂಗಸ್ರ ಕೈಗೆ ಕೊಟ್ರೆ ಇಂಗೇ ಆಗೋದು. ಕಣ್ಣು ಬೇರೆ ಬಿದ್ದೈತೆ. ಭಾನುವಾರ ಸಂಜೆ ತಗೊಳ್ಳೋ ಪಾರ್ಟಿ ಕರೆಸ್ತೀನಿ, ಮಾರಾಕ್ಬಿಡಿ." ಅಪ್ಪ ಅಣ್ಣನ ಮಾತಿಗೆ ತಲೆಯಾಡಿಸಿದರು. ಅಪ್ಪನಿಗೆ ತಲೆಯಿದ್ದದ್ದೇ ಆ ಕೆಲಸಕ್ಕೆ. ಅಮ್ಮ ಹಳೆಯ ಬಸ್ ಬ್ಯಾಗನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಅಮ್ಮನನ್ನು ಸೀಟಿನಲ್ಲಿ ಕೂರಿಸಿ ಹೆಡ್‌ಲೈಟ್ ಹಾಕಿಸಿದೆ.

"ಎಲ್ಲಾ ಒಟ್ಟಿಗೇ ಹೋಗುತ್ತೆ ಅಂದ್ರೆ ಎಲ್ಲಕ್ಕೂ ಸೇರಿದ್ದು ಏನೋ ಒಂದು ಇರ್ಬೇಕು," ಎಂದೆ.

"ಡ್ರೈವರು!" ಜಗುಲಿಯಲ್ಲಿ ಪೇಪರ್ ಹಿಡಿದಿದ್ದ ದೊಡ್ಡಪ್ಪ ಅಲ್ಲಿಂದಲೇ ಕೂಗಿದರು.

"ಡ್ರೈವರ್ ಕರೆಂಟ್ ಸಪ್ಲೈ ಮಾಡಲ್ಲ, ದೊಡ್ಡಪ್ಪಾ."

ಒಂದೊಂದೇ ವೈರು ಅಲುಗಾಡಿಸುತ್ತ ಬಂದೆ. ಬ್ಯಾಟರಿಯ ಮತ್ತು ಎಂಜಿನ್ನಿನ ಅರ್ತ್ ವೈರುಗಳು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಕಾರಿನ ಮೈಗೆ ಸೇರುವ ಬೋಲ್ಟನ್ನು ಮುಟ್ಟಿದ್ದೇ ತಡ, ದೀಪ ಆರಿತು.

"ಹೋಯ್ತು! ಹೋಯ್ತು ಕಣೇ!" ಅಮ್ಮ ಲಾಟರಿ ಹೊಡೆದವಳಂತೆ ಕೂಗಿದಳು.

ಬೋಲ್ಟಿನ ಕೆಳಗಿಂದ ಕೆಂಪು ದಾರ ಇಣುಕುತ್ತಿತ್ತು. ದಾರದ ತುದಿಯಲ್ಲಿ ಅರಿಶಿನ ಬಟ್ಟೆಯ ಗಂಟು. ದೊಡ್ಡಪ್ಪನ ತಾಯತ! ಆಯುಧಪೂಜೆಯ ದಿನ ಬೋಲ್ಟ್ ಸಡಿಲಿಸಿ, ದಾರ ಸುತ್ತಿ, ಮತ್ತೆ ಬಿಗಿದಿದ್ದರು. ವೈರ್‌ಗೂ ಕಬ್ಬಿಣಕ್ಕೂ ನಡುವೆ ಕರೆಂಟು ಹರಿಯದ ನೂಲು. ಕಾರು ನಿಲ್ಲತೊಡಗಿದ ಮೇಲೆ ಪ್ರತಿ ಅಮಾವಾಸ್ಯೆಗೂ ಹಳೆಯದರ ಮೇಲೆ ಹೊಸ ದಾರ. ದಾರ ದಪ್ಪವಾದಂತೆ ಕಾರು ಇನ್ನಷ್ಟು ನಿಲ್ಲುತ್ತಿತ್ತು. ಮೆಕ್ಯಾನಿಕ್ಕಿಗೆ ಕಾಣಲಿಲ್ಲವೇ? ಕಂಡಿತ್ತಂತೆ. "ದೇವ್ರುದ್ದು ಮೇಡಂ, ಹೆಂಗ್ ಮುಟ್ಟೋದು?" ಎಂದ, ಆಮೇಲೆ ಕೇಳಿದಾಗ. ಬ್ಯಾಟರಿ ಪಾಪ, ಯಾವ ದೇವರದ್ದೂ ಅಲ್ಲ.

ದಾರ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿದೆ. ಅಮ್ಮ ಬೀದಿಯ ಕೊನೆಯ ರೋಡ್ ಹಂಪ್ ಮೇಲೆ ಕಾರು ಹತ್ತಿಸಿ ಇಳಿಸಿ, ಮತ್ತೆ ಹತ್ತಿಸಿ ಇಳಿಸಿದಳು. ದೀಪ ಮಿಣುಕಲೂ ಇಲ್ಲ.

ದೊಡ್ಡಪ್ಪ ಸೋಲೊಪ್ಪುವ ಪೈಕಿಯವರಲ್ಲ. "ಆ ತಾಯತ ಇದ್ದಿದ್ಕೇ ಇಷ್ಟು ದಿನ ಆಕ್ಸಿಡೆಂಟ್ ಆಗ್ಲಿಲ್ಲ, ತಿಳ್ಕೊ."

ನಾನು ಖಂಡನೆಗೆ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅಮ್ಮ ಗಂಟನ್ನು ಸೆರಗಿನಲ್ಲಿ ಒರೆಸಿ ಅವರ ಮುಂದೆ ಹಿಡಿದಳು. "ಹಾಗಾದ್ರೆ ನಿಮ್ಮ ಹೊಸ ಗಾಡಿಗೇ ಕಟ್ಕೊಳ್ಳಿ, ಭಾವ."

ದೊಡ್ಡಪ್ಪ ಗೇಟಿನ ಬಳಿ ನಿಂತಿದ್ದ ತಮ್ಮ ದೊಡ್ಡ ಬಿಳಿ ಗಾಡಿಯ ಕಡೆ ನೋಡಿದರು. "ಅದ್ರಾಗೆಲ್ಲಾ ಸೆನ್ಸರ್ ಅವೆ ಕಣಮ್ಮ. ಅದುಕ್ಕೆಲ್ಲಾ ಇಂಥವು ಕಟ್ಬಾರ್ದು."

ಇಷ್ಟು ಒಳ್ಳೆಯ ಖಂಡನೆ ನನಗೂ ಹೊಳೆದಿರಲಿಲ್ಲ.

ಸಂಜೆ ಪಾರ್ಟಿ ಬಂದಾಗ ಕಾರೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟ್ಟೇನಹಳ್ಳಿ ಕೆರೆಯ ಕಡೆ, ಹಳ್ಳಗಳನ್ನೆಲ್ಲ ಹುಡುಕಿ ಹುಡುಕಿ ಕಾರನ್ನು ಇಳಿಸಿ ಹತ್ತಿಸುತ್ತ ಹೋಗುತ್ತಿದ್ದಳು.