ನಿಂಬೆಗಿಡದ ಮುಂದೆ ಎರಡು ಕ್ಯಾಮೆರಾ

ಎರಡು ಕಣ್ಣು, ಅದರ ಮೇಲೊಂದು ಕನ್ನಡಕ, ಇಷ್ಟಿದ್ದೂ ನನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಅಂಥ ನಾನು ಯಂತ್ರಕ್ಕೆ ದೂರ ಅಳೆಯುವುದನ್ನು ಕಲಿಸಲು ಹೊರಟಿದ್ದೆ.

ಇಂಡಿ ಕಡೆ ನಿಂಬೆಹಣ್ಣು ಕೀಳುವವರ ಕೈತುಂಬ ಮುಳ್ಳಿನ ಗೀರು. ಅದನ್ನು ನೋಡಿಯೇ ನಾನು ಪಾಠ ಹೇಳುವ ಕಾಲೇಜಿನಲ್ಲಿ ಹಣ್ಣು ಕೀಳುವ ಯಂತ್ರದ ಕೈಯೊಂದನ್ನು ಮಾಡಿದೆವು. ಅದಕ್ಕೆ ಕಣ್ಣಾಗಿ ಎರಡು ಕ್ಯಾಮೆರಾ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜಿಗಿಯುತ್ತದೆ. ಹತ್ತಿರವಿದ್ದಷ್ಟೂ ದೊಡ್ಡ ಜಿಗಿತ. ಆ ಜಿಗಿತವನ್ನು ಅಳೆದರೆ ದೂರ ತಿಳಿಯುತ್ತದೆ. ಇಷ್ಟನ್ನು ಅರಗಿಸಿಕೊಳ್ಳಲು ನನಗೆ ಆರು ವರ್ಷ ಹಿಡಿಯಿತು.

ಅದೇ ಕಡೆಯ ಹೊರ್ತಿ ಎಂಬ ಊರಿನಲ್ಲಿ ನೀಲವ್ವ ಎಂಬ ಅರವತ್ತು ದಾಟಿದ ಹಿರಿಯರ ತೋಟಕ್ಕೆ ಯಂತ್ರವನ್ನು ಒಯ್ದೆವು. ಅದು ಬಲು ಧೈರ್ಯದಿಂದ ಕೈಚಾಚಿ, ಹಣ್ಣನ್ನು ದಾಟಿ ಗೇಣುದ್ದ ಮುಂದೆ ಹೋಗಿ, ಕಾಯಿ ತುಂಬಿದ ಕೊಂಬೆಯನ್ನೇ ಲಟಕ್ಕನೆ ಮುರಿಯಿತು. ನನಗೆ ತಲೆ ಎತ್ತಲಾಗಲಿಲ್ಲ.

"ಯಾಕ ತಪ್ಪಿತ್ರೀ ಅಕ್ಕಾರ?" ಎಂದರು ನೀಲವ್ವ.

"ಎಲ್ಲಾ ಹಣ್ಣು ಒಂದ ಥರಾ ಅದಾವಲ್ರಿ. ಈ ಕಣ್ಣಾಗ ಕಂಡದ್ದ ಒಂದು, ಆ ಕಣ್ಣಾಗ ಕಂಡದ್ದ ಇನ್ನೊಂದು. ಎರಡೂ ಒಂದ ಹಣ್ಣು ಅಂತ ತಿಳಕೊಂಡು ದೂರ ತಪ್ಪ ಅಳೀತ್ರಿ."

"ಸಂಶೇ ಬರಲಿಲ್ಲೇನ್ರಿ ಅದಕ?"

"ಸಂಶೇ ಪಡೂದ ನಾವು ಕಲಿಸಿಲ್ರಿ ಅವ್ವಾರ."

ನೀಲವ್ವ ನಕ್ಕು, ಮುರಿದ ಕೊಂಬೆಯನ್ನು ಬದಿಗಿಟ್ಟು ತಾವೇ ಕೀಳತೊಡಗಿದರು. ಅವರ ಎಡಗಣ್ಣು ಬೆಳ್ಳಗಿರುವುದನ್ನು ನಾನು ಗಮನಿಸಿದ್ದು ಆಗಲೇ. ಹಿಂದೊಮ್ಮೆ ಇದೇ ತೋಟದ ಮುಳ್ಳು ತಾಗಿ ಹೋದದ್ದಂತೆ. ಇರುವುದು ಒಂದೇ ಕಣ್ಣು. ಆದರೂ ತಲೆಯನ್ನು ಅತ್ತಿತ್ತ ಸರಿಸಿ ನೋಡಿ ಕೈಹಾಕಿದರೆ ಗುರಿ ತಪ್ಪುತ್ತಿರಲಿಲ್ಲ.

"ಖಾತ್ರಿ ಇದ್ದಲ್ಲಿ ಝಟ್ಟನ ಕೀಳ್ತೇನಿ. ಇಲ್ಲಾಂದ್ರ ಸಾವಕಾಶ ಬೆರಳ ಮುಂದ ಬಿಡ್ತೇನಿ. ಕಣ್ಣು ಹೋದ ದಿವ್ಸ ಭಾಳ ಖಾತ್ರಿ ಇತ್ತ ನೋಡ್ರಿ ನನಗ!" ಎಂದರು. ಹೊರಡುವಾಗ, "ಕಲಿಸಿ ತರ್ರಿ," ಎಂದೂ ಸೇರಿಸಿದರು.

ಹಿಂದಿರುಗಿ ಸಂಭವನೀಯತೆಯ ಗಣಿತ ಹಿಡಿದು ಕೂತೆವು. ಈಗ ಯಂತ್ರ ಒಂದೇ ದೂರವನ್ನು ಘೋಷಿಸುವುದಿಲ್ಲ. ಇಷ್ಟಿರಬಹುದು, ಅಷ್ಟೂ ಇರಬಹುದು ಎಂದು ಪ್ರತಿಯೊಂದು ಊಹೆಗೂ ತನಗೆಷ್ಟು ನಂಬಿಕೆ ಎಂಬುದನ್ನು ತೂಗುತ್ತದೆ. ಬಸವನ ಬಾಗೇವಾಡಿಯ ನಮ್ಮ ಓಣಿಯಲ್ಲಿ ಹೆಣ್ಣು ನೋಡಲು ಬಂದವರು ನೆರೆಮನೆಯಲ್ಲಿ ವಿಚಾರಿಸುವಂತೆ, ಚಿತ್ರದ ಒಂದು ಚುಕ್ಕೆಯ ಬಗ್ಗೆ ಪಕ್ಕದ ಚುಕ್ಕೆಗಳನ್ನೂ ಕೇಳುತ್ತದೆ. ಅನುಮಾನ ಉಳಿದರೆ ತುಸು ಸರಿದು ಮತ್ತೊಮ್ಮೆ ನೋಡುತ್ತದೆ.

ಮತ್ತೆ ಹೊರ್ತಿಗೆ ಹೋದಾಗ ಯಂತ್ರ ಕೈಚಾಚಿತು, ನಿಂತಿತು, ಪಕ್ಕಕ್ಕೆ ವಾಲಿತು, ನಿಧಾನವಾಗಿ ಒಂದು ಹಣ್ಣನ್ನು ಕಿತ್ತಿತು. ಒಂದು ಎಲೆಯೂ ಉದುರಲಿಲ್ಲ.

"ಈಗ ಶಾಣ್ಯಾ ಆತ್ ನೋಡ್ರಿ," ಎಂದರು ನೀಲವ್ವ. "ಅಂಜಾಕ ಕಲ್ತೈತಿ."

ಮರುದಿನ ತರಗತಿಯಲ್ಲಿ ಹುಡುಗಿಯೊಬ್ಬಳು 'ಬಹುಶಃ' ಎಂದು ಉತ್ತರ ಶುರುಮಾಡಿದಳು. ಎಂದಿನಂತೆ ಗದರಿಸದೆ ಪೂರ್ತಿ ಕೇಳಿಸಿಕೊಂಡೆ.