ಡಾಕ್ಟರ್ ಅಲ್ಲದ ಫ್ರಾಮ್‌ರೋಜ್ ಡಾಕ್ಟರ್

ಫ್ರಾಮ್‌ರೋಜ್ ಡಾಕ್ಟರ್ ಹುಬ್ಬಳ್ಳಿಯ ಪಾರ್ಸಿ. ಕಡಲು ದಾಟಿ ಬಂದು ಲಾಂಗ್ ಬೀಚ್ ಎಂಬ ಊರಿನ ಹತ್ತಿರದ ಒಂದು ಬಡಾವಣೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ. ಡಾಕ್ಟರ್ ಎನ್ನುವುದು ಬರೀ ಮನೆತನದ ಅಡ್ಡಹೆಸರು. ಆ ಮನೆಯಲ್ಲಿ ಯಾರೂ ವೈದ್ಯಕೀಯ ಓದಿದವರಲ್ಲ. ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಸೋಡಾ ಮಾರುತ್ತಲೇ ಮುನಿಸಿಪಾಲಿಟಿ ಮೆಂಬರಾಗಿದ್ದನಂತೆ. ಆ ಕತೆಯನ್ನು ಫ್ರಾಮ್‌ರೋಜ್ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಪಾಪ, ಅವರು ಹಾಸಿಗೆಯ ಮೇಲೆ ಮಲಗಿ ನೋಡುತ್ತಿರುವಾಗಲೇ ಶುರುಮಾಡುತ್ತಿದ್ದುದರಿಂದ ಎದ್ದು ಓಡುವಂತಿರಲಿಲ್ಲ.

ಅಂಗಡಿಯ ಎದುರಿನ ಬಸ್ ಸ್ಟಾಪಿನಲ್ಲಿ ಕೂರಲು ಏನೂ ಇರಲಿಲ್ಲ. ವಯಸ್ಸಾದವರು ಬಿಸಿಲಲ್ಲಿ ನಿಂತು ಸುಸ್ತಾಗಿ ಒಳಗೆ ಬಂದು ಕೂರುತ್ತಿದ್ದರು. ಒಬ್ಬಾಕೆ ಮಾರಾಟದ ಮಂಚದ ಮೇಲೆ ನಿದ್ದೆ ಹೋಗಿ ಬಸ್ಸನ್ನೂ ತಪ್ಪಿಸಿಕೊಂಡಳು. ಒಂದು ಬೆಂಚಿಗಾಗಿ ಆಫೀಸುಗಳಿಗೆ ಅಲೆದು ಸಾಕಾಗಿ, ಫ್ರಾಮ್‌ರೋಜ್ ೨೦೨೩ರಲ್ಲಿ ಬಡಾವಣೆಯ ಕೌನ್ಸಿಲ್ ಚುನಾವಣೆಗೇ ನಿಂತುಬಿಟ್ಟ.

ಹೆಂಡತಿ ಖೋರ್ಷೆದ್ ಹಣೆ ಚಚ್ಚಿಕೊಂಡಳು. ಅಲ್ಲೇ ಹತ್ತಿರದ ಎಲ್ ಸೆಗುಂಡೋ ಊರಿನಲ್ಲಿ ಎಂಜಿನಿಯರ್ ಆಗಿದ್ದ ಧಾರವಾಡದ ಗೆಳೆಯ ಶಿವರುದ್ರಪ್ಪ ಮಾತ್ರ ಹುಮ್ಮಸ್ಸಿನಿಂದ ಬಂದು ಅಂಗಡಿಯ ಗಾಜಿಗೆ ಪೋಸ್ಟರ್ ಅಂಟಿಸಿದ: ‘ನಿಮ್ಮ ಓಟು ಡಾಕ್ಟರ್‌ಗೆ!’

ಮರುದಿನದಿಂದ ರೋಗಿಗಳು ಬರತೊಡಗಿದರು. ಲೂಪೆ ಎಂಬ ಮೆಕ್ಸಿಕನ್ ಅಜ್ಜಿ ಮೊಣಕಾಲು ತೋರಿಸಿದಳು.

“ನಾನು ಡಾಕ್ಟರ್ ಅಲ್ಲ ಅಮ್ಮಾ” ಎಂದ ಫ್ರಾಮ್‌ರೋಜ್.

“ಎಷ್ಟು ವಿನಯ!” ಎಂದು ಅಜ್ಜಿ ಇನ್ನೊಂದು ಮೊಣಕಾಲನ್ನೂ ತೋರಿಸಿದಳು. ಅವನು ಸ್ಟೂಲು ಎಳೆದುಕೊಂಡು ಎರಡೂ ಕಾಲಿನ ಕತೆಯನ್ನು ಪೂರ್ತಿ ಕೇಳಿದ.

ಎದುರಾಳಿ ಡೀನ್ ಎಂಬವ, ಮನೆ ಮಾರಿಸುವ ಏಜೆಂಟ್, ಸುಮ್ಮನಿರುತ್ತಾನೆಯೇ? “ಇವನು ನಕಲಿ ಡಾಕ್ಟರ್” ಎಂದು ಬೀದಿಬೀದಿಯಲ್ಲಿ ಸಾರಿದ.

ಫ್ರಾಮ್‌ರೋಜ್ ಕುಗ್ಗಿಹೋದ. “ಹೆಸರು ವಾಪಸ್ ತೊಗೋತೀನೋ ಶಿವ್ಯಾ. ಮಂದಿ ನನ್ನ ಕಳ್ಳ ಅನ್ಲಿಕ್ಕತ್ತಾರ.”

“ಹೆಸರು ವಾಪಸ್ ತೊಗೊಂಡ್ರ ಅಡ್ಡಹೆಸರು ಹೋಗ್ತದೇನು? ಉಮೇದುವಾರರ ಸಭಾದಾಗ ನಿಂತು ಖರೇ ಹೇಳು.”

ಸಭೆಯಲ್ಲಿ ಡೀನ್ ಎಲ್ಲರೆದುರು ಕೇಳಿದ: “ಯಾವ ಕಾಲೇಜಿನಲ್ಲಿ ಓದಿದ್ದು, ಡಾಕ್ಟರೇ?”

ಫ್ರಾಮ್‌ರೋಜ್ ಬೆವರೊರೆಸಿಕೊಂಡು ಎದ್ದ. “ನಮ್ಮ ಪಾರ್ಸಿಗಳ ಹೆಸರೇ ಹೀಗೆ. ನನ್ನ ಭಾವನ ಅಡ್ಡಹೆಸರು ಎಂಜಿನಿಯರ್, ಅವನು ಕೇಕ್ ಮಾರುತ್ತಾನೆ. ನನ್ನ ಮಾವನವರು ಕಾಂಟ್ರಾಕ್ಟರ್, ಜೀವಮಾನದಲ್ಲಿ ಒಂದು ಗೋಡೆಯನ್ನೂ ಕಟ್ಟಿಸಲಿಲ್ಲ. ನನಗೆ ಗೊತ್ತಿರುವುದು ಹಾಸಿಗೆ. ನಮಗೆಲ್ಲ ಬೇಕಾಗಿರುವುದು ಬೆಂಚು.”

ಸಭೆ ಗೊಳ್ಳೆಂದಿತು. ಲೂಪೆ ಅಜ್ಜಿ ಕೋಲೂರಿ ಎದ್ದಳು. “ನನ್ನ ನಿಜವಾದ ಡಾಕ್ಟರ್ ಕಂಪ್ಯೂಟರಿನಿಂದ ಮುಖವನ್ನೇ ಎತ್ತುವುದಿಲ್ಲ. ಇವನು ನನ್ನ ಮಾತು ಕೇಳಿದ. ನನ್ನ ಓಟು ಇವನಿಗೇ.”

ಫ್ರಾಮ್‌ರೋಜ್ ಗೆದ್ದ. ಬೆಂಚು ಬರಲು ಮಾತ್ರ ಮತ್ತೂ ಒಂದು ವರ್ಷ ಹಿಡಿಯಿತು. ಅದು ಬಂದ ದಿನ ಖೋರ್ಷೆದ್ ಸಡಗರದಿಂದ ರವೆ, ಹಾಲು, ಸಕ್ಕರೆಯ ಸಿಹಿ ಮಾಡಿ ಬಸ್ ಸ್ಟಾಪಿನಲ್ಲಿ ಹಂಚಿದಳು. ಬಸ್ ಡ್ರೈವರೂ ಇಳಿದು ಬಂದು ಒಂದು ಬಟ್ಟಲು ತಿಂದು, ಇನ್ನೊಂದು ಕೇಳಿದ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಲೇ ಇದ್ದವು.