ಇಬ್ಬರೇ ಅಂತೆ

ವಿಮಾನ ಅಂದರೆ ಆ ಕಾಲದಲ್ಲಿ ಗುತ್ತಿಗಾರಿನ ನಮ್ಮ ಮನೆಯಲ್ಲಿ ಒಂದೇ ಅರ್ಥ: ಗಲ್ಫಿಗೆ ಹೋಗುವುದು, ಇಲ್ಲವೇ ಗಲ್ಫಿನಿಂದ ಬರುವುದು. ಅದಕ್ಕೆ ಬೇರೆ ಕೆಲಸವೂ ಇರಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಳೆ ಬಿಟ್ಟೂ ಬಿಡದ ಒಂದು ಬೆಳಿಗ್ಗೆ. ಬಾಪ ದುಬೈಯಿಂದ ಬರುವ ದಿನ. ಉಮ್ಮ ಕೋಳಿ ಸಾರಿಗೆ ತೆಂಗಿನಕಾಯಿ ಹುರಿಯುತ್ತಿದ್ದಳು, ಬಾಪನ ತಾಯಿ, ನಮ್ಮಜ್ಜಿ, ಅಕ್ಕಿ ಹಿಟ್ಟಿನ ಪತ್ತಿರ್ ತಟ್ಟುತ್ತಿದ್ದಳು. ನಾನೂ ತಂಗಿಯೂ ಅಂಗಳದಲ್ಲಿ ಗೋಲಿಯಾಡುತ್ತಾ, ಇನ್ನೂ ಬಾರದ ಚಾಕಲೇಟನ್ನು ಪಾಲು ಮಾಡಿ ಜಗಳವಾಡುತ್ತಿದ್ದೆವು. ಮಂಜಿನೊಳಗೆ ಗುರ್ರ್ ಎಂಬ ಸದ್ದೊಂದು ತಲೆಯ ಮೇಲೆಯೇ ಹಾದು, ಘಟ್ಟದ ಕಡೆ ಒಮ್ಮೆಲೇ ನಿಂತಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹಮೀದಾಕ ಓಡಿ ಬಂದರು. "ಘಟ್ಟದಲ್ಲಿ ವಿಮಾನ ಬಿದ್ದಿದೆಯಂತೆ ಮಾರಾಯ್ರೆ! ನಿಮ್ಮವರು ಇವತ್ತೇ ಅಲ್ವಾ ಬರುದು?"

ಉಮ್ಮ ಫೋನ್ ಮಾಡಿದಳು. ಸ್ವಿಚ್ ಆಫ್! ಅಜ್ಜಿ "ನನ್ನ ಮಗನೇ" ಎಂದು ಎದೆ ಬಡಿದುಕೊಂಡಳು. ನೆರೆಕರೆಯೆಲ್ಲ ಬಂದು ಅತ್ತಿತು. ವರ್ಷವಿಡೀ ನಮ್ಮ ಮೆಟ್ಟಿಲು ತುಳಿಯದವರೂ ಅತ್ತರು. "ಬಾಪ ಇಲ್ಲದ ಮಕ್ಕಳಾದ್ವಲ್ಲಾ" ಎಂದು ಒಬ್ಬಳು ನನ್ನನ್ನು ಉಸಿರುಗಟ್ಟುವಂತೆ ತಬ್ಬಿದಳು. ಕಾವಲಿಯಲ್ಲಿ ಕಾಯಿ ಸೀದು ಮನೆಯೆಲ್ಲ ಕಮಟು ವಾಸನೆ.

ಮಧ್ಯಾಹ್ನ ಗೇಟಿನ ಹತ್ತಿರ ಜೀಪು ನಿಂತಿತು. ಇಳಿದವರು ಬಾಪ! ಫೋನಿನ ಚಾರ್ಜ್ ಮುಗಿದಿತ್ತು, ಅಷ್ಟೇ. ಅಂಗಳದ ತುಂಬ ಜನ ಕಂಡು ಅವರ ಮುಖವೇ ಬಿಳಚಿತು.

"ಎಂತ ಆಯ್ತು? ಯಾರು ತೀರಿಹೋದದ್ದು?"

ಟಿವಿ ನೋಡಿ ಬಂದ ಹಮೀದಾಕನೇ ಹೇಳಿದರು. "ಅದು ಸಣ್ಣ ವಿಮಾನವಂತೆ. ಇಬ್ಬರೇ ಅಂತೆ."

"ಇಬ್ಬರೇಯಾ? ಅಲ್‌ಹಮ್ದುಲಿಲ್ಲಾ!" ಅಜ್ಜಿ ದೊಡ್ಡ ಉಸಿರು ಬಿಟ್ಟಳು.

ಅತ್ತವರೆಲ್ಲ ಕಣ್ಣೊರೆಸಿಕೊಂಡು ಚಾಕಲೇಟಿಗೆ ಕೈ ಚಾಚಿದರು. ನಾನೂ ತಿಂದೆ. ಮೇಲೆ ಕಾಡಿನಲ್ಲಿ ಎರಡು ಹೆಣ ಮಳೆಯಲ್ಲಿ ನೆನೆಯುತ್ತಿದ್ದವು. ಎಂಥಾ ಜನ ನಾವು!

ಮಳೆಗಾಲ ಮುಗಿದ ಮೇಲೆ ಬೆಂಗಳೂರಿನಿಂದ ಒಬ್ಬರು ಹೆಂಗಸು ಬಂದರು. ಆ ವಿಮಾನ ಓಡಿಸುತ್ತಿದ್ದ ಹುಡುಗನ ತಾಯಿ. ಮಗ ಬಿದ್ದ ಜಾಗ ನೋಡಿ ಇಳಿದವರು ಕಾಡಂಚಿನ ನಮ್ಮ ಮನೆಯಲ್ಲಿ ನೀರು ಕೇಳಿದರು. ಕುಡಿದು ಜಗಲಿಯಲ್ಲೇ ಕುಳಿತರು.

"ಗುರುತು ಪರಿಚಯ ಇಲ್ಲದ ಕಾಡಲ್ಲಿ ಹೋಗ್ಬಿಟ್ಟ. ಅವತ್ತು ಇಲ್ಲಿ ಯಾರಾದ್ರೂ ಒಂದು ಹನಿ ಕಣ್ಣೀರು ಹಾಕಿದ್ರಾ ಅಮ್ಮಾ?"

ಉಮ್ಮ ಸರ್ರನೆ ಒಳಗೆ ಹೋದಳು. ಅಜ್ಜಿ ಅವರ ಮುಖ ನೋಡಲಿಲ್ಲ. "ಅತ್ತಿದ್ದೇವೆ ಮಗಳೇ. ಊರಿಡೀ ಈ ಅಂಗಳದಲ್ಲೇ ಕೂತು ಅತ್ತಿದೆ."

ಆ ತಾಯಿ ಅಜ್ಜಿಯ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೋದ ವರ್ಷ ಬಾಪ ನಿಜವಾಗಿಯೂ ತೀರಿಹೋದರು. ನೆರೆಕರೆಯವರು ಬಂದು ನನ್ನ ಕೈ ಹಿಡಿದು ಅತ್ತರು. ಬಹುಶಃ ಮನಸಾರೆಯೇ ಅತ್ತಿರಬೇಕು. ಒಬ್ಬರ ಕಣ್ಣೀರನ್ನೂ ನಂಬಲು ನನ್ನಿಂದಾಗಲಿಲ್ಲ.